ಕೋಳಿಗೂಡಿಗೆ ಗಾಳಿ ಬರ್ಬೇಕು, ಮುಂಗಲಿ ಬರಬಾರ್ದು

ನಮ್ಮ ಕೊಪ್ಪಳದ ಕಡೆ ಬ್ಯಾಸಗ್ಯಾಗ 40 ಡಿಗ್ರಿ ದಾಟೂದು ದೊಡ್ಡ ಮಾತಲ್ಲ, ಅಂಥಾದ್ರಾಗ ಮುಂಗಲಿ (ಮುಂಗುಸಿ) ಹೆದರಿಕಿಗೆ ಗೂಡು ಪೂರಾ ತಗಡಿನಿಂದ ಮುಚ್ಚಿಬಿಡ್ತಾರ ನೋಡ್ರಿ, ಅದು ತಪ್ಪು. ಕೋಳಿಗೆ ಬೆವರು ಬರಂಗಿಲ್ಲ, ಬಾಯಿ ತೆಗ್ದು ತೇಕಿ ತೇಕೀನೇ ಸೆಕಿ ಹೊರಗ ಹಾಕತಾವ, ಗಾಳಿ ನಿಂತ್ರ ಜೀವಾನೇ ಹೋಗತೈತಿ.

ಗೂಡಿನ ಉದ್ದ ಪೂರ್ವ-ಪಶ್ಚಿಮ ಇಡ್ರಿ, ಬಿಸಲು ಕಮ್ಮಿ ಹೊಡಿತೈತಿ. ಬಿಸಿ ಗಾಳಿ ಮ್ಯಾಲೇರತೈತಿ, ಹಂಗಾಗಿ ಎದರಾಬದರ ಗ್ವಾಡಿಗೆ ಮ್ಯಾಲಿನ ತಗಡಿನ ಬುಡಕ ಒಂದಡಿ ಎತ್ತರದ ಕಿಂಡಿ ಉದ್ದಕ್ಕೂ ಬಿಡ್ರಿ, ಕೋಳಿ ಕುಂದ್ರೂ ಕೋಲು ಅದಕ್ಕಿಂತ ಕೆಳಗಿರ್ಲಿ, ಮಳಿಗಾಲದಾಗ ಥಂಡಿ ಗಾಳಿ ನೇರ ಬಡೀಬಾರ್ದು.

ಈಗ ಅಸಲಿ ವಿಷ್ಯ, ಗೂಡಿಗೆ ಹೊಡಿಯೂ ಜಾಲರಿ. ಅಂಗಡ್ಯಾಗ ಆರು ಮೂಲಿ ಕಣ್ಣಿಂದು ತೆಳ್ಳಂದು ಕೋಳಿ ಜಾಲರಿ ಅಂತ ಕೊಡ್ತಾರ, ಅದು ಕೋಳಿ ಹೊರಗ ಹೋಗದಂಗ ತಡೀತೈತಿ ಅಷ್ಟ, ನಾಯಿ ಹಲ್ಲಿಗೆ ತಡ್ಯಂಗಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್ಶೇ (ತಂತಿ ಬೆಸುಗಿ ಹಾಕಿದ ಗಟ್ಟಿ ಜಾಲರಿ) ತಗೋರಿ, ರೊಕ್ಕ ಜಾಸ್ತಿ ಆದ್ರೂ ಆಗ್ಲಿ. ನಾನು ಮೊದ್ಲ ಸಲ ಸಣ್ಣ ಮೊಳಿ ಹೊಡ್ದು ಬಿಟ್ಟಿದ್ದೆ, ಒಂದು ರಾತ್ರಿ ಮೂಲ್ಯಾಗ ಜಾಲರಿ ಎಬ್ಬಿಸಿ ಮುಂಗಲಿ ಒಳಗ ಬಂದು ನಾಕು ಹ್ಯಾಟಿ ಕೊಂದು ಹೋತು, ಇವತ್ತಿಗೂ ನೆನಸಿಕೊಂಡ್ರ ಕಳ್ಳು ಚುರ್ ಅಂತೈತಿ. ಅದಕ್ಕ ಸ್ಕ್ರೂ ಹಾಕಿ ಅಗಲ ವಾಷರ್ ಕೊಟ್ಟು ಬಿಗೀರಿ, ಗೇಣಿಗೊಂದು. ಬುಡದಾಗ ಜಾಲರಿ ಹೊರಗಡೆ ಒಂದಡಿ ಮಡಚಿ ಮಣ್ಣು, ಕಲ್ಲು ಹೇರ್ರಿ, ಕೆದರಿದ್ರೂ ದಾರಿ ಸಿಗಂಗಿಲ್ಲ. ಬಾಗ್ಲ ಸಂದಿ ಮರೀಬ್ಯಾಡ್ರಿ, ಹಾವು ಅಲ್ಲೇ ನುಗ್ಗೂದು.

ನೆಲಕ್ಕ ಗಂಗಾವತಿ ಕಡೆ ಸಿಗೂ ಭತ್ತದ ಹೊಟ್ಟು ಹಾಕ್ರಿ. ಬೆಳಿಗ್ಗಿ ಬಾಗ್ಲ ತೆಗ್ದಾಗ ಹಿಕ್ಕಿ ಘಾಟಿಗೆ ಕಣ್ಣು ಉರದ್ರ ಹೊಟ್ಟು ಬದ್ಲಿಸ್ರಿ, ಕಿಂಡೀನೂ ದೊಡ್ಡದು ಮಾಡ್ರಿ. ಏಪ್ರಿಲ್-ಮೇದಾಗ ಹಸಿ ಗೋಣಿಚೀಲ ಪಕ್ಕಕ್ಕ ಇಳಿಬಿಡ್ರಿ, ಆದ್ರ ಮ್ಯಾಲಿನ ಕಿಂಡಿ ಮುಚ್ಚಬ್ಯಾಡ್ರಿ.