ಸಾಂಕ್ರಾಮಿಕದ ದಿನಗಳಲ್ಲಿ ಪುಟ್ಟ ಮಕ್ಕಳ ವರ್ತನೆ: ಮನೆಯವರು ಮಾಡಬೇಕಾದದ್ದು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಉಡುಪಿಯ ಅಂಗನವಾಡಿಗಳೂ ಬಾಗಿಲು ಹಾಕಿದ್ದವು. ಇಂಥ ಹೊತ್ತಿನಲ್ಲಿ ದೊಡ್ಡದಾದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಿದರೆ, ಬೆರಳು ಚೀಪಿದರೆ, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲಲ್ಲಿ ನಿಂತು ಅತ್ತರೆ, ಅದನ್ನು ಹಠವೆಂದು ಎಣಿಸದೆ ಆತಂಕದ ಲಕ್ಷಣವೆಂದು ತಿಳಿದು, ಗದರದೆ, ನೆಂಟರೆದುರು ಅಣಕಿಸದೆ, ಬಟ್ಟೆ ಬದಲಿಸಿ ಮಲಗಿಸಿ. ಬೆಳಗಿನ ಗಂಜಿ, ಅಂಗಳದ ಆಟ, ಸಂಜೆ ಅಜ್ಜಿಯೊಡನೆ ಭಜನೆ ಯಾವುದಿದ್ದರೂ ಸರಿ, ಹೊತ್ತು ಮಾತ್ರ ದಿನವೂ ಒಂದೇ ಇರಲಿ. ಎರಡರಿಂದ ನಾಲ್ಕು ವರ್ಷದವರಿಗೆ ಮೊಬೈಲ್, ಟಿ.ವಿ. ಸೇರಿ ದಿನಕ್ಕೆ 1 ಗಂಟೆ ಮೀರಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಹಿರಿಯರು ಟಿ.ವಿ.ಯಲ್ಲಿ ಹಾಕಿಡುವ ಸಾವಿನ ಸುದ್ದಿಯೂ ಮಕ್ಕಳ ಕಿವಿಗೆ ಬೀಳುತ್ತದೆ, ಇದನ್ನು ಮರೆಯುವವರೇ ಹೆಚ್ಚು. ನಿದ್ದೆ, ಊಟ, ಮಾತು ವಾರಗಟ್ಟಲೆ ಕುಗ್ಗಿದ್ದರೆ ಮಕ್ಕಳ ತಜ್ಞರಿಗೆ ತೋರಿಸಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ.