ಕಾದಂಬರಿಯ ಪಾತ್ರಕ್ಕೆ ಕಾಲಕ್ಕೆ ತಕ್ಕ ಉಡುಗೆ

ಮೊದಲು ಕಾಲವನ್ನು ಇಪ್ಪತ್ತೈದು ವರ್ಷದೊಳಗೆ ಬಿಗಿ ಮಾಡಿ. ‘ಪಾಳೇಗಾರರ ಕಾಲ’ ಅಂದರೆ ಸಾಲದು. ವಿಜಯನಗರ ಕಾಲವಾದರೆ ಚಿಕ್ಕಬಳ್ಳಾಪುರದಿಂದ ಲೇಪಾಕ್ಷಿಗೆ ಹೋಗಿ, ಅಲ್ಲಿನ ದೇವಸ್ಥಾನದ ಚಾವಣಿಯ ಚಿತ್ರಗಳನ್ನು ನೋಡಿ. ಗಂಡಸರ ಉದ್ದನೆಯ ಕುಳ್ಳಾಯಿ (ಟೋಪಿ), ಹೆಂಗಸರ ಸೀರೆಯ ಅಂಚು, ತುರುಬು ಎಲ್ಲವೂ ಬಣ್ಣದಲ್ಲೇ ಸಿಗುತ್ತವೆ. ಆದರೆ ಅದು ಸಿರಿವಂತರ ಉಡುಗೆ. ಅದನ್ನೇ ಕುರಿ ಕಾಯುವವನಿಗೆ ತೊಡಿಸಿದರೆ ಪಾತ್ರ ಕೆಡುತ್ತದೆ; ಅವನಿಗೆ ಕಚ್ಚೆ, ಕರಿ ಕಂಬಳಿ ಸಾಕು.

ಕಥೆ 1800ರ ಆಸುಪಾಸಿನದಾದರೆ, ಆಗ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನ ಓದಲೇಬೇಕು. ಕೋಲಾರ, ಶಿರಾ ಸೀಮೆಯ ಬೆಳೆ, ನೇಯ್ಗೆ, ಸಂತೆ ಅದರಲ್ಲಿವೆ.

ಹೆಚ್ಚು ಎಡವುವುದು ಬಣ್ಣದಲ್ಲಿ. ರಾಸಾಯನಿಕ ಬಣ್ಣ ಹುಟ್ಟಿದ್ದೇ 1856ರಲ್ಲಿ. ಅದಕ್ಕೂ ಹಿಂದಿನ ಸೀರೆಗೆ ನೀಲಿ ಗಿಡ, ಅರಿಶಿನ, ಬೇರುಗಳ ಕೆಂಪು ಕೊಡಿ. ಒಗೆದಷ್ಟೂ ಅರಿಶಿನ ಮಾಸುತ್ತದೆ, ನೀಲಿ ಉಳಿಯುತ್ತದೆ. ಹಳೇ ಸೀರೆಯನ್ನು ವರ್ಣಿಸುವಾಗ ಇದನ್ನು ಬಳಸಿಕೊಳ್ಳಿ.