ಜಾಲಿ ಸೀಳುವ ಚೈನಿಗೆ ಅರ ಹಾಕಿದ ನನ್ನ ಅನುಭವ

ಬೈಲಹೊಂಗಲ ಸುತ್ತಲಿನ ಎರೆಹೊಲಗಳ ಬದುವಿನಲ್ಲಿ ಬೆಳೆದ ಜಾಲಿ, ಬೇವಿನ ದಿಮ್ಮಿಗಳನ್ನು ಹೊಲದಲ್ಲಿಯೇ ಹಲಗೆಯಾಗಿ ಸೀಳಿಕೊಡುವ ಕೆಲಸವನ್ನು ನಾನು ಏಳೆಂಟು ವರ್ಷಗಳಿಂದ ಮಾಡುತ್ತಿದ್ದೇನೆ. 70 ಸಿಸಿಯ ಚೈನ್‌ಸಾ (ಚೈನಿನ ಗರಗಸ), ಚೈನು ಸುತ್ತುವ 24 ಇಂಚಿನ ಬಾರ್ ಮತ್ತು ಅದಕ್ಕೆ ಬಿಗಿದ ಅಲಾಸ್ಕನ್ ಮಿಲ್, ಎಂದರೆ ಹಲಗೆ ಒಂದೇ ದಪ್ಪ ಬರುವಂತೆ ಬಾರನ್ನು ಹಿಡಿದಿಡುವ ಚೌಕಟ್ಟು, ಇವು ನನ್ನ ಸಲಕರಣೆಗಳು. ಕೈಯಿಂದ ಅರ ಹಾಕಿದ ಚೈನು ಜಾಲಿಯ ಮುಂದೆ ನಿಲ್ಲುವುದಿಲ್ಲವೆಂದು ನಮ್ಮ ಕಡೆಯ ಕಸುಬುದಾರರೆಲ್ಲ ಹೇಳುತ್ತಿದ್ದರು. "ತಿಕ್ಕಿ ತಿಕ್ಕಿ ನಿನ್ನ ಕೈ ಸೋಲತಾವ ತಮ್ಮಾ, ಜಾಲಿ ಸೋಲಂಗಿಲ್ಲ" ಎಂದಿದ್ದ ಹಿರಿಯರೊಬ್ಬರು ಕಳೆದ ಬೇಸಿಗೆಯಲ್ಲಿ ತಮ್ಮ ಎರಡು ಚೈನುಗಳಿಗೆ ನನ್ನಿಂದಲೇ ಅರ ಹಾಕಿಸಿಕೊಂಡು ಹೋದರು.

ಮೊದಲ ಎರಡು ವರ್ಷ ಚೈನಿನ ಹಲ್ಲಿನ ಮೇಲಂಚಿಗೆ ಅಂಗಡಿಯಿಂದ ಬಂದ 30 ಡಿಗ್ರಿ ಓರೆ ಕೋನವನ್ನೇ ಉಳಿಸಿಕೊಂಡು ಸೀಳಿದೆ. ಗೋದಿ ಹಿಟ್ಟಿನಂಥ ಪುಡಿ ಉದುರುತ್ತಿತ್ತು, ಬಾರಿನ ಅಂಚು ಸುಟ್ಟು ಕಪ್ಪಾಗುತ್ತಿತ್ತು, ಏಳು ಅಡಿಯ ಒಂದು ಸೀಳಿಗೆ ಸುಮಾರು 25 ನಿಮಿಷ ಹಿಡಿಯುತ್ತಿತ್ತು. ಆಮೇಲೆ ಸಾಣೆ ಯಂತ್ರದವರ ಬಳಿ ಹೋದೆ. ಸಲಕ್ಕೆ 150 ರೂಪಾಯಿಯಂತೆ ಕೊಟ್ಟರೂ ಹಲ್ಲುಗಳು ಕಾದು ನೀಲಿಗಟ್ಟಿ ಬರುತ್ತಿದ್ದವು, ನೀಲಿಗಟ್ಟಿದ ಹಲ್ಲು ಅರ್ಧ ಹಲಗೆ ದಾಟುವುದರೊಳಗೆ ಮೊಂಡಾಗುತ್ತಿತ್ತು. ಆ ಒಂದೇ ವರ್ಷ ಒಂಬತ್ತು ಚೈನು ಹಾಳಾದವು. ಒಂದಕ್ಕೆ ಹೆಚ್ಚುಕಡಿಮೆ 2,000 ರೂಪಾಯಿ ಎಂದು ಹಿಡಿದರೂ ನನ್ನ ದುಡಿಮೆಯ ದೊಡ್ಡ ಪಾಲು ಅದರಲ್ಲಿಯೇ ಹೋಯಿತು.

ಕೋನವನ್ನು 10 ಡಿಗ್ರಿಗೆ ಇಳಿಸಿದಾಗ ಹಲಗೆಯ ಮುಖ ನುಣುಪಾಯಿತು. ಆದರೆ ಚೈನು ಅರ್ಧ ಸವೆಯುವ ಹೊತ್ತಿಗೆ ಮತ್ತೆ ಹಿಟ್ಟು ಉದುರತೊಡಗಿತು. ಅರದ ದೋಷವೆಂದುಕೊಂಡು ದುಬಾರಿ ಅರಗಳನ್ನು ತಂದೆ, ಪ್ರಯೋಜನವಾಗಲಿಲ್ಲ. ರೇಕರ್, ಎಂದರೆ ಪ್ರತಿ ಹಲ್ಲಿನ ಮುಂದಿದ್ದು ಅದು ಎಷ್ಟು ಆಳ ಕಚ್ಚಬೇಕೆಂದು ತಡೆಯುವ ಉಬ್ಬನ್ನು, ಹೆಚ್ಚು ತಗ್ಗಿಸಿದರೆ ಸರಿಹೋದೀತೆಂದು ಹೊಸ ಚೈನಿನಲ್ಲಿಯೇ ಹಲ್ಲಿನ ತುದಿಗಿಂತ 1.2 ಮಿಮೀ ಕೆಳಗಿನವರೆಗೆ ಇಳಿಸಿದೆ. ಹಲ್ಲು ಮರವನ್ನು ಕಚ್ಚಿ ಕಚ್ಚಿ ನಿಂತು ಕ್ಲಚ್ ಸುಟ್ಟಿತು, ಅದಕ್ಕೂ ಸಾವಿರ ಚಿಲ್ಲರೆ ತೆತ್ತೆ.

ಕಡೆಗೆ ವರ್ನಿಯರ್ ಹಿಡಿದು ಕುಳಿತಾಗ ಕಾರಣ ತಿಳಿಯಿತು. ಹಲ್ಲು ಸವೆದಂತೆಲ್ಲ ಅದರ ತುದಿ ಹಿಂದೆ ಸರಿದು ರೇಕರಿನಿಂದ ದೂರವಾಗುತ್ತದೆ, ಆದ್ದರಿಂದ ರೇಕರಿನ ತಗ್ಗು ಅಷ್ಟೇ ಇದ್ದರೂ ಹಲ್ಲು ಮರವನ್ನು ಹಿಡಿಯುವುದು ಕಡಿಮೆಯಾಗುತ್ತ ಹೋಗುತ್ತದೆ. ಹೊಸ ಚೈನಿನಲ್ಲಿ ಆ ದೂರ ಸುಮಾರು 6.5 ಮಿಮೀ ಇದ್ದು, 0.65 ಮಿಮೀ ತಗ್ಗು ಸಾಕಾಗುತ್ತದೆ. ದೂರ 9 ಮಿಮೀ ಆದಾಗ ತಗ್ಗು 0.9 ಮಿಮೀ ಬೇಕು. ಹತ್ತರಲ್ಲಿ ಒಂದು ಪಾಲು ಎಂಬ ಈ ಲೆಕ್ಕವನ್ನು ಹಿಡಿದ ದಿನದಿಂದ ಜೋಳದ ನುಚ್ಚಿನಂಥ ಚಕ್ಕೆ ಬೀಳುತ್ತಿದೆ, ಅದೇ ಏಳು ಅಡಿಯ ಸೀಳು ಹತ್ತು ಹನ್ನೊಂದು ನಿಮಿಷದಲ್ಲಿ ಮುಗಿಯುತ್ತದೆ. ರೇಕರಿನ ತಗ್ಗು ಅಳೆಯಲು ಅಂಗಡಿಯಲ್ಲಿ ಸಿಗುವ ಒಂದೇ ಅಳತೆಯ ಗೇಜನ್ನು ಸವೆದ ಚೈನಿಗೆ ನಾನು ಬಳಸುವುದೇ ಇಲ್ಲ.

ನಡುವೆ ಹಳೆಯ ಚೈನೊಂದರಲ್ಲಿ ಒಂದು ಜೋಡಿ ಬಿಟ್ಟು ಒಂದು ಜೋಡಿ ಹಲ್ಲನ್ನು ತೇಯ್ದು ತೆಗೆದು ನೋಡಿದೆ. ಖಾನಾಪುರ ಕಡೆಯ ಅಗಲವಾದ ಮಾವಿನ ದಿಮ್ಮಿಯಲ್ಲಿ ಯಂತ್ರ ಹಗುರವಾಗಿ ಓಡಿತು, ಜಾಲಿಯಲ್ಲಿ ಮಾತ್ರ ಹಲಗೆಯ ಮೇಲೆ ಗೀರುಗಳು ಬಿದ್ದವು. ಕೋನವನ್ನು 5 ಡಿಗ್ರಿಗೆ ಇಳಿಸಿದಾಗ ನುಣುಪು ಇನ್ನೂ ಹೆಚ್ಚಿತಾದರೂ ಸಮಯ ಹೆಚ್ಚು ತಗುಲಿದ್ದರಿಂದ ಅದನ್ನು ಕೈಬಿಟ್ಟೆ.

84 ಡ್ರೈವ್ ಲಿಂಕಿನ (ಬಾರಿನ ಸಂದಿನಲ್ಲಿ ಓಡುವ ಕೊಂಡಿ) ಚೈನಿನಲ್ಲಿ ಎಡಕ್ಕೆ 21, ಬಲಕ್ಕೆ 21 ಹಲ್ಲುಗಳಿರುತ್ತವೆ. ಬಲಗೈಯವರ ಒತ್ತು ಎರಡೂ ಬದಿಗೆ ಒಂದೇ ಸಮ ಬೀಳುವುದಿಲ್ಲ, ಒಂದು ಬದಿಯ ಹಲ್ಲು ಉದ್ದವಾಗಿ ಉಳಿದರೆ ಬಾರ್ ಸೊಟ್ಟ ಹೋಗುತ್ತದೆ. ಇದಕ್ಕೆ ಹಲ್ಲಿನ ಮೇಲೆ ನಾನು ಹಾಕುವ ಗುರುತೊಂದಿದೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಸೀಳುವ ಮೊದಲು ಬಾರ್ ಹೋಗುವ ಸಾಲಿನ ತೊಗಟೆಯನ್ನು ಕೊಡಲಿಯಿಂದ ಕೆತ್ತಿ ತೆಗೆಯುವುದನ್ನಂತೂ ನಾನು ಒಮ್ಮೆಯೂ ತಪ್ಪಿಸುವುದಿಲ್ಲ, ಏಕೆಂದರೆ ತೊಗಟೆಯ ಬಿರುಕಿನಲ್ಲಿ ಕುಳಿತ ಎರೆಮಣ್ಣು ಜಾಲಿಯ ಕೆಚ್ಚಿಗಿಂತ ಬೇಗ ಹಲ್ಲನ್ನು ತಿನ್ನುತ್ತದೆ.

ಈಗ ವರ್ಷಕ್ಕೆ ಮೂರು ಚೈನು ಮತ್ತು ಹತ್ತು ಹನ್ನೆರಡು ಅರಗಳಲ್ಲಿ ನನ್ನ ಕೆಲಸ ಸಾಗುತ್ತಿದೆ. ಹೊಸ ಹಲ್ಲಿಗೆ 5.5 ಮಿಮೀ ಅರ ಹಿಡಿದು, ಅರ್ಧ ಸವೆದ ಮೇಲೆ 5.2ಕ್ಕೆ ಇಳಿಯುತ್ತೇನೆ. ಹಲ್ಲಿನ ಉದ್ದ 4 ಮಿಮೀಗೆ ಬಂದಾಗ ಆ ಚೈನನ್ನು ತೆಗೆದುಹಾಕುತ್ತೇನೆ.